ನಮ್ಮವನ ಮೊಣಕೈಗೆ ಹಳದಿ ಕಾರ್ಡು

ರಾತ್ರಿ ಒಂದೂವರೆ. "ಅದು ಫೌಲೇ ಅಲ್ಲ ಕಣ್ಲಾ" ಎಂದು ನನ್ನ ಗಂಡ ಟಿವಿಯೊಳಗಿನ ಫುಟ್‌ಬಾಲ್ ರೆಫರಿಗೆ ಅರಚಿದ್ದಕ್ಕೆ ನಾನೂ ಎದ್ದೆ, ಮಗುವೂ ಎದ್ದಿತು. ಇವರ ತಂಡದ ಹೀರೋ ಎದುರಾಳಿಯ ಮೂಗಿಗೆ ಮೊಣಕೈಯಲ್ಲಿ ಗುದ್ದಿದ್ದ. ಸಿಕ್ಕಿದ್ದು ಬರೀ ಎಚ್ಚರಿಕೆಯ ಹಳದಿ ಕಾರ್ಡು.

"ಬೇಕಂತ ಹೊಡೆದಿಲ್ಲ ಕಣೇ."

ಹೋದ ವಾರ ಎದುರು ತಂಡದವನು ಹೀಗೇ ಗುದ್ದಿದಾಗ, ಅವನನ್ನು ಆಟದಿಂದಲೇ ಓಡಿಸಬೇಕು ಎಂದವರು ಇವರೇ.

ಮಗುವನ್ನು ಎಬ್ಬಿಸಿದ್ದಕ್ಕೆ ಇವರಿಗೆ ಮೂರು ರಾತ್ರಿ ತೊಟ್ಟಿಲು ತೂಗುವ ಶಿಕ್ಷೆ ಕೊಟ್ಟೆ. ಅತ್ತೆ ಎದ್ದು ಬಂದು, "ಬೆಳಿಗ್ಗೆ ತೆಂಗಿನಕಾಯಿ ಕೆಡವ್ಸೋದೈತೆ, ಮಲಗ್ಲಿ ಬುಡವ್ವ" ಎಂದು ರದ್ದು ಮಾಡಿದರು. ಮೊನ್ನೆ ನನ್ನ ಕೈಯಿಂದ ಚೊಂಬು ಜಾರಿ ಮಗು ಎದ್ದಾಗ, ನೊಣವಿನಕೆರೆಯ ನನ್ನ ತವರಿಗೇ ಫೋನ್ ಮಾಡಿ ದೂರಿದ್ದರು.

ಈಗ ತೂಗುತ್ತಿರುವವಳು ನಾನು. ಸ್ನೇಹಿತರೇ, ಬೆಳಗಾಗುವುದರೊಳಗೆ ಯಾರಾದರೂ ಅತ್ತೆಗೆ ಫೋನ್ ಮಾಡಿ ನ್ಯಾಯ ಹೇಳಿ, ದಮ್ಮಯ್ಯ. ನನ್ನ ನಂಬರಿಗೆ ಮಾತ್ರ ಬೇಡ, ಮಗು ಏಳುತ್ತದೆ.