ಬೂಷ್ಟಮ್ಮನ ದೊಡ್ಡ ಸೊನ್ನೆ

ಬೂಷ್ಟು ಕಂಡರೆ ಎಲ್ಲರೂ ಮೂಗು ಮುರಿಯುತ್ತಾರೆ. ಅದಕ್ಕೆ ಉಣಿಸಿ ತಿನಿಸಿ ಸಾಕುವವಳು ಬೂಷ್ಟಮ್ಮ ಒಬ್ಬಳೇ. ಕಾಲೇಜಿನ ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದೇ ಕಾಯಕ. ಗಾಜಿನ ತಟ್ಟೆಯಲ್ಲಿ ಹುಳುಕಡ್ಡಿಯ ಬೂಷ್ಟನ್ನು ಬಿತ್ತಬೇಕು, ನಡುವೆ ಯಾವುದಾದರೂ ಮೂಲಿಕೆಯ ರಸದಲ್ಲಿ ಅದ್ದಿದ ಕಾಗದದ ಬಿಲ್ಲೆ ಇಡಬೇಕು, ಒಂದು ವಾರ ಬೆಚ್ಚಗೆ ಮಲಗಿಸಬೇಕು. ರಸದಲ್ಲಿ ದಮ್ಮಿದ್ದರೆ ಬಿಲ್ಲೆಯ ಸುತ್ತ ಬೂಷ್ಟು ಬೆಳೆಯದೆ ದುಂಡಗೆ ಬಯಲು ಉಳಿಯುತ್ತದೆ. ಆ ಬಯಲನ್ನು ಪ್ರಯೋಗಾಲಯದವರು ಸೊನ್ನೆ ಎನ್ನುತ್ತಾರೆ. ಸೊನ್ನೆ ದೊಡ್ಡದಾದಷ್ಟೂ ಸೊಪ್ಪಿಗೆ ಮರ್ಯಾದೆ. ವಿದ್ಯಾರ್ಥಿಗಳು ಇಟ್ಟ ‘ಬೂಷ್ಟಮ್ಮ’ ಎಂಬ ಅಡ್ಡಹೆಸರನ್ನು ಅವಳು ಬಿರುದಿನಂತೆ ಹೊತ್ತು ತಿರುಗುತ್ತಿದ್ದಳು.

ಇಂಥ ವೀರಾಗ್ರಣಿಯ ಸ್ವಂತ ಗಂಡನ ಸೊಂಟದ ಮೇಲೇ ಶತ್ರು ಹುಳುಕಡ್ಡಿ ಪಾಳೆಯ ಬಿಟ್ಟಿತ್ತು. ಗಂಡ ಬಸ್ ಡ್ರೈವರ್. ಒಂದು ಕೈ ಸ್ಟಿಯರಿಂಗ್ ಮೇಲೆ, ಇನ್ನೊಂದು ಕೈ ಸೊಂಟದ ಮೇಲೆ. ತಿರುವಿನಲ್ಲಿ ಕೆರೆತ ಬಂದರೆ ಪ್ರಯಾಣಿಕರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಚರ್ಮದ ಡಾಕ್ಟರಿಗೆ ತೋರಿಸೋಣವೆಂದರೆ ಅತ್ತೆ ಬಿಡರು. ಆಕೆ ನಿವೃತ್ತ ಲೆಕ್ಕದ ಮೇಡಂ. ಕುಂಡದಲ್ಲಿ ಬೆಳೆದ ತಮ್ಮ ಸೊಪ್ಪಿನ ರಸವನ್ನು ಆರು ತಿಂಗಳಿಂದ ಮಗನಿಗೆ ಬಳಿಯುತ್ತಿದ್ದರು.

“ಅತ್ತೆ, ಒಂದ್ಸಲ ಡಾಕ್ಟರ್‌ಗೆ...”

“ನಿನ್ನ ತಟ್ಟೇಲಿ ಪರೀಕ್ಷೆ ಮಾಡು. ನನ್ನ ಸೊಪ್ಪು ಫೇಲಾದ್ರೆ ನಾನೇ ಕರ್ಕೊಂಡು ಹೋಗ್ತೀನಿ.”

ಫೇಲಾಗುವುದು ಖಂಡಿತವೆಂದು ಬೂಷ್ಟಮ್ಮ ಕುಣಿಯುತ್ತಲೇ ಹೋಗಿ ಸೊಪ್ಪರೆದು ಸ್ಪಿರಿಟ್‌ನಲ್ಲಿ ನೆನೆಸಿ, ಬಿಲ್ಲೆ ಅದ್ದಿ ಇಟ್ಟಳು. ವಾರ ಕಳೆದು ಮುಚ್ಚಳ ತೆಗೆದರೆ ಬಿಲ್ಲೆಯ ಸುತ್ತ ಹುಣ್ಣಿಮೆ ಚಂದ್ರನಂಥ ಸೊನ್ನೆ! ಸೊಪ್ಪು ಗೆದ್ದಿತು, ಗಂಡನ ಸೊಂಟ ಸೋತಿತು. ಸುಳ್ಳು ಹೇಳಲು ನಾಲಿಗೆ ಬಾರದೆ, ಸೂತಕದ ದನಿಯಲ್ಲಿ ಫೋನ್ ಮಾಡಿದಳು.

“ಅತ್ತೆ... ಸೊನ್ನೆ ಬಂತು.”

“ಪೂರ್ತಿ ಸೊನ್ನೆನಾ?”

“ಪೂರ್ತಿ. ಇಷ್ಟು ದೊಡ್ಡದು ನಾನೇ ನೋಡಿರ್ಲಿಲ್ಲ.”

“ಸಾಕು, ಗಾಯಕ್ಕೆ ಉಪ್ಪು ಸುರೀಬೇಡ,” ಎಂದು ಮೇಡಂ ಫೋನಿಟ್ಟರು.

ಮೂವತ್ತೈದು ವರ್ಷ ಮಕ್ಕಳಿಗೆ ಸೊನ್ನೆ ಹಂಚಿದವರಿಗೆ ಮೊದಲ ಬಾರಿ ಅದು ತಮ್ಮ ಪಾಲಿಗೆ ಬಂದಿತ್ತು. ಆದರೆ ಮಾತೆಂದರೆ ಮಾತು. ಅಂದೇ ಮಗನ ಕೈಹಿಡಿದು ಎಳೆದೊಯ್ದು ಮಾತ್ರೆ, ಮುಲಾಮು ಕೊಡಿಸಿದರು.

ಬೂಷ್ಟಮ್ಮನಿಗೆ ವಿಷಯ ಹೊಳೆದಾಗ ನಗು ತಡೆಯಲಾಗಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡರೆ ಕೆಲಸ ಕೆಡುವಂತಿರಲಿಲ್ಲ. ಹತ್ತು ದಿನ ಹಾಗೇ ಇದ್ದಳು. ಆದರೆ ಹನ್ನೊಂದನೆಯ ದಿನ ಅತ್ತೆ ಕುಂಡದ ಗಿಡವನ್ನು ಬುಡಸಹಿತ ಕೀಳಲು ಕೂತರು. ಹುಣ್ಣಿಮೆ ಚಂದ್ರನನ್ನು ಹೆತ್ತ ಗಿಡ! ಬೂಷ್ಟಮ್ಮ ತಡೆಯದಾದಳು.

“ಅತ್ತೆ, ಕೀಳ್ಬೇಡಿ! ನಮ್ಮಲ್ಲಿ ಸೊನ್ನೆ ಅಂದ್ರೆ ಫಸ್ಟ್ ಕ್ಲಾಸು.”

ಅತ್ತೆ ಮಣ್ಣುಗೈಯಲ್ಲೇ ಸೊಂಟದ ಮೇಲೆ ಕೈಯಿಟ್ಟರು. “ಹತ್ತು ದಿನ ಬಾಯಿಗೆ ಏನು ತುರುಕ್ಕೊಂಡಿದ್ದೆ?”

“ಇವರ ತುರಿಕೆ...”

“ಇರ್ಲಿ. ಸೊಪ್ಪನ್ನ ಯಾವುದರಲ್ಲಿ ನೆನೆಸಿದ್ದೆ?”

“ಸ್ಪಿರಿಟ್‌ನಲ್ಲಿ.”

“ಸೊಪ್ಪಿಲ್ಲದ ಬರೀ ಸ್ಪಿರಿಟ್ ಬಿಲ್ಲೆಗೆ ಎಷ್ಟು ಸೊನ್ನೆ ಬಂತು?”

ಪಕ್ಕದಲ್ಲಿ ಬರೀ ಸ್ಪಿರಿಟ್ ಬಿಲ್ಲೆ ಇಡದೆ ಬೂಷ್ಟಮ್ಮ ಒಂದು ದಿನವೂ ಕೆಲಸ ಮಾಡಿದವಳಲ್ಲ. ಸೊಪ್ಪು ಸೋಲುವುದು ಖಂಡಿತವೆಂಬ ಉಬ್ಬಿನಲ್ಲಿ ಅದನ್ನೇ ಬಿಟ್ಟಿದ್ದಳು.

“ಇಟ್ಟಿರ್ಲಿಲ್ಲ.”

“ಲೆಕ್ಕದಲ್ಲಿ ಮೆಟ್ಟಿಲು ಹಾರಿದ್ದೀಯ! ಮತ್ತೆ ಮಾಡು.”

ಮತ್ತೆ ಮಾಡಿದಳು. ವಾರದ ಬಳಿಕ ಅತ್ತೆ ಸ್ಕೇಲು ಹಿಡಿದು ಖುದ್ದಾಗಿ ಬಂದರು. ಸೊಪ್ಪಿನ ಬಿಲ್ಲೆ, ಸ್ಪಿರಿಟ್ ಬಿಲ್ಲೆ, ಎರಡರ ಸೊನ್ನೆಯೂ ಗೀಟು ಹೆಚ್ಚಿಲ್ಲ, ಗೀಟು ಕಮ್ಮಿಯಿಲ್ಲ. ಬೂಷ್ಟನ್ನು ಓಡಿಸಿದ್ದು ಸ್ಪಿರಿಟ್.

“ಅಂದ್ರೆ ನನ್ನ ಸೊಪ್ಪು ಸುಮ್ನೆ ಸ್ಪಿರಿಟ್ ಪಕ್ಕ ಕೂತು ಬಂದಿದೆ,” ಎಂದರು ಅತ್ತೆ. ಸೊಸೆ ಸಮಾಧಾನಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮಗನಿಗೆ ಫೋನ್ ಹೋಗಿತ್ತು: “ಡಾಕ್ಟ್ರು ಹೇಳಿದಷ್ಟು ದಿನ ಮಾತ್ರೆ ನುಂಗ್ಬೇಕು ಕಣೋ. ನಡುವೆ ಬಿಟ್ರೆ ನನ್ನಂಥ ಕೆಟ್ಟವಳು ಇನ್ನೊಬ್ಬಳಿಲ್ಲ.”

ಆಮೇಲೆ ಬೂಷ್ಟಮ್ಮನ ಪುಸ್ತಕ ಎಳೆದುಕೊಂಡು ಕೆಂಪು ಪೆನ್ನಿನಲ್ಲಿ ಬರೆದರು: ‘ಅಜಾಗರೂಕತೆ. ಬರೀ ಸ್ಪಿರಿಟ್ ಬಿಲ್ಲೆ ಇಡದೆ ಪ್ರಯೋಗ ಮಾಡುವುದಿಲ್ಲ ಎಂದು ಹತ್ತು ಸಲ ಬರೆಯುವುದು.’

ಇಪ್ಪತ್ತೆರಡು ವರ್ಷದ ಅನುಭವಿ ಬೂಷ್ಟಮ್ಮ ಸ್ಟೂಲಿನ ಮೇಲೆ ಕೂತು ಬರೆಯತೊಡಗಿದಳು. ಏಳನೆಯ ಸಾಲಿನಲ್ಲಿ ಒತ್ತಕ್ಷರ ಬಿಟ್ಟಳು. ಮೇಡಂ ಅದಕ್ಕೂ ಸುತ್ತು ಹಾಕಿದರು.