ಕೆಳಗಿನ ತಟ್ಟೆಯ ಮೇಣದಬತ್ತಿ

ಹಾವಿನ ದ್ವೇಷ ಹನ್ನೆರಡು ವರುಷ ಎನ್ನುತ್ತಾರೆ. ತಗಡಿನ ಕೆಲಸದ ಮಿಲುಟಿನ್‌ನದು ಇಪ್ಪತ್ತೆರಡು ವರ್ಷದ ದ್ವೇಷ, ಒಂದು ದಿನವೂ ಕಣ್ಣು ಮುಚ್ಚದ ದ್ವೇಷ. ಚಾಚಕ್ ಪೇಟೆಯಲ್ಲಿ ಸೂರಿನ ದೋಣಿ ಸೋರಲಿ, ಒಲೆಯ ಹೊಗೆಕೊಳವೆ ತೂತು ಬೀಳಲಿ, ಜನ ಅವನನ್ನೇ ಕರೆಯುತ್ತಿದ್ದರು. ಬಂದು ಏಣಿ ಹಾಕಿ, ಬಡಿದು, ಬೆಸೆದು, ಕೊಟ್ಟ ರಾಕಿಯಾ ಸಾರಾಯಿಯನ್ನು ಒಂದೇ ಗುಟುಕಿಗೆ ಇಳಿಸಿ ಹೊರಟುಬಿಡುತ್ತಿದ್ದ. ಒಂದು ನಗೆಮಾತಿಲ್ಲ. ಈ ಮನುಷ್ಯ ಡ್ರಮ್ಮಿನ ಹಿಂದೆ ಕೂತು ಇಡೀ ಸಭಾಂಗಣವನ್ನು ಹೊಟ್ಟೆ ಹಿಡಿದುಕೊಂಡು ನಗಿಸಿದ್ದವನೆಂದು ಹೇಳಿದರೆ ಈಗಿನವರು ನಂಬುವುದಿಲ್ಲ.

ಆ ಬ್ಯಾಂಡಿನ ಹೆಸರು ಅಳುಮುಂಜಿ ಪ್ಲಮ್ಮುಗಳು. ದೇಶವನ್ನಾಳಿದ ಟಿಟೋ ಸತ್ತ ನಾಲ್ಕನೇ ವರ್ಷ, ವಿದೊಯೆಯ ತಾಯಿ ಲೆಪೊಸಾವಾ ಹಳ್ಳಿಯಲ್ಲಿ ಪ್ಲಮ್ ಒಣಗಿಸುತ್ತಿದ್ದ ಕೊಟ್ಟಿಗೆಯೊಳಗೆ ಅದು ಹುಟ್ಟಿತು. ವಿದೊಯೆ ಹಾಡುಗಾರ, ಮಿಲುಟಿನ್ ಡ್ರಮ್ಮು, ತಿಖೊಮಿರ್ ಬಾಸ್ ಗಿಟಾರು, ಯೆವ್ರೆಮ್ ಇನ್ನೊಂದು ಗಿಟಾರು. ಗುಡುಗಿನಂಥ ರಾಕ್ ಸಂಗೀತ, ಮಾತೆಲ್ಲ ತಮಾಷೆ. ಅತ್ತೆಯ ಟ್ರ್ಯಾಕ್ಟರಿನ ಮೇಲೊಂದು ಹಾಡು, ಕಾರ್ಖಾನೆಯ ಮನೆಗಾಗಿ ಇಪ್ಪತ್ತು ವರ್ಷ ಪಟ್ಟಿಯಲ್ಲಿ ಕಾದು ಕೊನೆಗೂ ಮನೆ ಪಡೆದ ಹಂದಿಯ ಮೇಲೊಂದು. ಊರೆಲ್ಲ ಗುನುಗಿದ ಆ ಹಂದಿಯ ಹಾಡು ಮಿಲುಟಿನ್ ಬರೆದದ್ದು. ಲೆಪೊಸಾವಾ ನಾಲ್ವರಿಗೂ ಹಂದಿಕೊಬ್ಬು ಸವರಿದ ರೊಟ್ಟಿ ಕೊಡುತ್ತಿದ್ದಳು. ಎಲ್ಲರಿಗಿಂತ ಸಣಕಲನೆಂದು ಮಿಲುಟಿನ್‌ಗೆ ಎರಡು ತುಂಡು.

ಮೊದಲು ಬಿಟ್ಟವನು ಯೆವ್ರೆಮ್. ದುಡಿಯಲು ಆಸ್ಟ್ರಿಯಾದ ಲಿಂಟ್ಸಿಗೆ ಹೋದ. ನಮ್ಮ ಪೇಟೆಯ ಕಂಬಗಳು ಬರಿದಾಗಿ ಇದ್ದದ್ದೇ ಇಲ್ಲ; ಯಾರೇ ಸತ್ತರೂ ಕಪ್ಪಂಚಿನ ಕಾಗದದಲ್ಲಿ ಫೋಟೊ, ಹೆಸರು, ಮಣ್ಣಿನ ಹೊತ್ತು ಅಚ್ಚು ಹಾಕಿಸಿ ಕಂಬಕ್ಕೆ, ಮರಕ್ಕೆ, ಬಸ್ ನಿಲ್ದಾಣಕ್ಕೆ ಅಂಟಿಸುತ್ತೇವೆ. ವಿದೊಯೆ ಅಂಥದೇ ಒಂದು ಕಾಗದ ಮಾಡಿಸಿದ. ನಮ್ಮ ಪ್ರೀತಿಯ ಗಿಟಾರು ವಾದಕ ಲಿಂಟ್ಸ್ ಎಂಬ ಪರಲೋಕಕ್ಕೆ ತೆರಳಿದನೆಂದು ಬಂಧುಮಿತ್ರರಿಗೆ ತೀವ್ರ ದುಃಖದಿಂದ ತಿಳಿಸುತ್ತೇವೆ, ಎಂದು. ಕೆಳಗೆ ಇನ್ನೊಂದು ಸಾಲು: ಆಸಾಮಿ ಬದುಕಿದ್ದಾನೆ, ಬ್ಯಾಂಡಿಗೆ ಮಾತ್ರ ಸತ್ತಿದ್ದಾನೆ. ಊರು ಬಿದ್ದು ಬಿದ್ದು ನಕ್ಕಿತು. ಗೋಂದಿನ ಬಕೆಟ್ ಹಿಡಿದು ಕಂಬದಿಂದ ಕಂಬಕ್ಕೆ ಓಡಾಡಿದವನು ಮಿಲುಟಿನ್ನೇ. ಇದನ್ನು ಅವನು ಯಾರಿಂದಲೂ ಮುಚ್ಚಿಟ್ಟಿಲ್ಲ, ತನ್ನಿಂದ ತಾನೂ ಮುಚ್ಚಿಟ್ಟುಕೊಂಡಿಲ್ಲ.

ಅಲ್ಲಿಂದ ಅದೇ ವಾಡಿಕೆಯಾಯಿತು. ಯೆವ್ರೆಮ್‌ನ ಜಾಗಕ್ಕೆ ಬಂದವನು ವೇದಿಕೆಯ ಮೇಲೆ ಜನರಿಗಿಂತ ಮೊದಲು ನಗುತ್ತಾನೆಂದು ಹೊರಬಿದ್ದ. ತುತ್ತೂರಿಯವನು ಸೈನ್ಯಕ್ಕೆ ಹೋಗಿ ಬರುವಷ್ಟರಲ್ಲಿ ಅವನ ಜಾಗದಲ್ಲಿ ವಿದೊಯೆಯ ಭಾವಮೈದ ಕೂತಿದ್ದ. ಆ ಭಾವಮೈದನನ್ನೂ ಮರುವರ್ಷ ಅಟ್ಟಿದ್ದಾಯಿತು. ಕೀಬೋರ್ಡಿನವನ ತಲೆ ಬೋಳಾಯಿತು; ಬ್ಯಾಂಡಿಗೆ ಒಂದು ಬೋಳು ಸಾಕು, ಅದು ನನ್ನದು ಎಂದ ವಿದೊಯೆ. ಪ್ರತಿ ಸಲವೂ ಕಂಬದ ಮೇಲೆ ಒಂದು ಹೆಣ, ಹೆಣದ ಕೆಳಗೆ ಒಂದು ನಗೆಸಾಲು. ತಿಖೊಮಿರ್ ಹೋದಾಗ ಬರೆದದ್ದು: ಮೃತನ ಬಾಸ್ ಗಿಟಾರು ಮಾರಾಟಕ್ಕಿದೆ, ಮೃತನೇ ಮಾರುತ್ತಾನೆ.

ಆಮೇಲೆ ಮಿಲುಟಿನ್‌ನ ಸರದಿ. ಒಂದು ಸಂಜೆ ಹಾಡಿನ ನಡುವೆ ಮೈಕು ಕೈಕೊಟ್ಟಿತು. ವಿದೊಯೆ ಬರೀ ಬಾಯಿ ಆಡಿಸುತ್ತಾ ನಿಂತ. ಮಿಲುಟಿನ್ ಡ್ರಮ್ಮಿನ ಹಿಂದಿನಿಂದ, ನಮ್ಮ ಹಾಡುಗಾರ ಇಷ್ಟು ಚೆನ್ನಾಗಿ ಹಾಡಿದ್ದು ಇದೇ ಮೊದಲು ಎಂದ. ಸಭಾಂಗಣ ಕಿತ್ತುಹೋಗುವಂತೆ ನಕ್ಕಿತು, ಅವನ ಹೆಸರು ಹಿಡಿದು ಕೂಗಿತು. ಆ ಕೂಗೇ ವಿದೊಯೆಯ ಹೊಟ್ಟೆಯಲ್ಲಿ ಕಿಚ್ಚು ಹಚ್ಚಿತು. ಎರಡು ವಾರದ ಮೇಲೆ, ಮಿಲುಟಿನ್ ಬೇರೆ ಊರಿನಲ್ಲಿ ಶಾಲೆಯೊಂದಕ್ಕೆ ತಗಡು ಹೊದಿಸುತ್ತಿದ್ದಾಗ, ಅವನ ಕಾಗದ ಕಂಬ ಹತ್ತಿತು. ಫೋಟೊ ಇತ್ತು, ಹೆಸರಿತ್ತು, ಹಠಾತ್ ಅಗಲಿದನೆಂದಿತ್ತು. ಕೆಳಗಿನ ಸಾಲು ಮಾತ್ರ ಇರಲಿಲ್ಲ.

ಅಂದು ಶನಿವಾರ, ಸಂತೆಯ ದಿನ. ಮಿಲುಟಿನ್‌ನ ತಾಯಿ ಸ್ತಾಮೆಂಕಾ ಗಿಣ್ಣು ಮಾರಲು ಹಳ್ಳಿಯಿಂದ ಬಂದು ಬಸ್ಸಿಳಿದಳು. ಎದುರಿನ ಕಂಬದಲ್ಲಿ ಮಗ. ಪೇಟೆಯವರಿಗೆ ಪ್ಲಮ್ಮುಗಳ ಆಟ ಗೊತ್ತು, ಹಳ್ಳಿಯ ಮುದುಕಿಗೆ ಏನು ಗೊತ್ತು? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಗಿಣ್ಣಿನ ಬುಟ್ಟಿಯನ್ನು ಅಲ್ಲೇ ಬಿಟ್ಟು ಅವಳು ಇಗರ್ಜಿಗೆ ನಡೆದಳು. ಅಲ್ಲಿ ಮೇಣದಬತ್ತಿ ಹಚ್ಚಲು ಎರಡು ತಟ್ಟೆ: ಮೇಲಿನದು ಬದುಕಿರುವವರಿಗೆ, ಕೆಳಗಿನದು ಸತ್ತವರಿಗೆ. ಮಗ ಹುಟ್ಟಿದಂದಿನಿಂದ ಅವನಿಗಾಗಿ ಮೇಲೆ ಹಚ್ಚುತ್ತಿದ್ದವಳು ಅಂದು ಬಗ್ಗಿ ಕೆಳಗೆ ಹಚ್ಚಿದಳು. ಮರುದಿನ ಮಿಲುಟಿನ್ ಮನೆಗೆ ಬಂದಾಗ ಅಂಗಳದ ತುಂಬ ಕರಿಬಟ್ಟೆಯ ಹೆಂಗಸರು ಅಳುತ್ತಿದ್ದರು.

ಅವಳು ಆ ಪೆಟ್ಟಿನಿಂದ ಮೇಲೇಳಲಿಲ್ಲ. ಕೆಳಗೆ ಹಚ್ಚಿದ್ದನ್ನು ಮೇಲಕ್ಕೆ ಎತ್ತಿಡಲು ಬರುತ್ತದೆಯೇ ಎಂದು ಪಾದ್ರಿಯನ್ನು ಕೇಳಿದಳು. ಉರಿದು ಹೋದದ್ದನ್ನು ಹೇಗೆ ಎತ್ತುವುದು ತಾಯಿ ಎಂದ ಅವನು. ದಿನಾ ಬೆಳಗ್ಗೆ ಮಗನ ಮುಖ ಮುಟ್ಟಿ ನೋಡುತ್ತಿದ್ದಳು. ಮೂರನೇ ವರ್ಷ ಪ್ರಾಣ ಬಿಡುವಾಗ ಅವನ ಕೈಯನ್ನೇ ಹಿಡಿದುಕೊಂಡು, ಅವನನ್ನೇ ನೋಡುತ್ತಾ, ಬರ್ತಾ ಇದ್ದೀನಿ ಮಗಾ, ಅಲ್ಲೇ ಇರು ಎಂದಳು.

ಕಾಗದ ಅಂಟಿದ ವಾರವೇ ಮಿಲುಟಿನ್ ವಿದೊಯೆಯ ಬಾಗಿಲಿಗೆ ಹೋಗಿದ್ದ. ಕಾಗದದಲ್ಲಿ ಜಾಗ ಸಾಲಲಿಲ್ಲ ಮಾರಾಯ, ತಮಾಷೆ ತಾನೇ, ಎಂದು ವಿದೊಯೆ ಬೆನ್ನು ತಟ್ಟಿದ್ದ. ಮಿಲುಟಿನ್ ಆ ಕಾಗದವನ್ನು ಕಂಬದಿಂದ ಉಗುರಿನಲ್ಲಿ ಎಬ್ಬಿಸಿ ತಂದು ತಗಡುಕತ್ತರಿಯ ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡಿದ್ದ. ಫೋಟೊದ ಕೆಳಗೆ ಮೂರು ಬೆರಳಗಲ ಖಾಲಿ ಜಾಗವಿತ್ತು. ಕತ್ತರಿ ತೆಗೆದಾಗಲೆಲ್ಲ ಆ ಮೂರು ಬೆರಳು ಅವನ ಕಣ್ಣಿಗೆ ಬೀಳುತ್ತಿತ್ತು.

ಈಚೆಗೆ, ಬ್ಯಾಂಡಿನ ಮೂವತ್ತೈದನೇ ವರ್ಷದ ಕಛೇರಿಗೆ ಮುಂಚೆ, ವಿದೊಯೆ ಪತ್ರಿಕೆಯವರಿಗೆ ಹೇಳಿದ: ಬ್ಯಾಂಡೆಂದರೆ ನಾನೇ, ಉಳಿದವರೆಲ್ಲ ಬಂದು ಹೋದ ಅತಿಥಿಗಳು. ಮಿಲುಟಿನ್ ಆ ಪುಟ ಹಿಡಿದು ತಿಖೊಮಿರ್‌ನ ಮನೆಗೆ ಹೋದ.

"ಅತಿಥಿಗಳಂತೆ ನಾವು. ಸರಿ, ಅವನ ಸ್ಲಾವಾಗೆ ಹೋಗೋಣ. ಎಲ್ಲರೂ."

ತಿಖೊಮಿರ್ ಹಲ್ಲು ಕಿರಿದ. ಸ್ಲಾವಾ ಎಂದರೆ ಮನೆತನದ ಸಂತನ ಹಬ್ಬ. ಅದಕ್ಕೆ ಯಾರನ್ನೂ ಕರೆಯುವುದಿಲ್ಲ. ಬಂದವರನ್ನು ಬೇಡ ಎನ್ನುವಂತಿಲ್ಲ, ಎದ್ದು ಹೋಗಿ ಎನ್ನುವಂತಿಲ್ಲ. ಕೊನೆಯ ಅತಿಥಿ ಏಳುವವರೆಗೆ ಯಜಮಾನ ಕೂರುವಂತಿಲ್ಲ, ನಿಂತು ಬಡಿಸಬೇಕು. ಬ್ಯಾಂಡು ಬಿಟ್ಟವರು ಹನ್ನೊಂದು ಜನ. ಅವರಲ್ಲಿ ನಾಲ್ವರು ಈಗ ನಿಜವಾಗಿಯೂ ಮಣ್ಣಿನಡಿ ಇದ್ದರು. ಉಳಿದ ಏಳು ಜನರಲ್ಲಿ ತಾವಿಬ್ಬರನ್ನು ಬಿಟ್ಟು ಐವರಿಗೂ ಹೇಳಿಕಳಿಸಿದರು. ಲಿಂಟ್ಸಿನಿಂದ ಯೆವ್ರೆಮ್ ಬಸ್ಸು ಹತ್ತಿದ.

ವಿದೊಯೆಯ ಮನೆತನದ ಸಂತ ದಿಮಿತ್ರಿ, ನವೆಂಬರಿನಲ್ಲಿ ಹಬ್ಬ. ಹನ್ನೊಂದು ಗಂಟೆಗೆ ಯೆವ್ರೆಮ್ ಗಂಟೆ ಒತ್ತಿದ. ವಿದೊಯೆ ಅವನನ್ನು ಅಪ್ಪಿಕೊಂಡು, ಮೂರು ಸಲ ಮುತ್ತಿಟ್ಟು, ನಿಜವಾಗಿಯೇ ಕಣ್ಣೀರು ಹಾಕಿದನಂತೆ. ಹತ್ತು ನಿಮಿಷಕ್ಕೆ ಮುಂದಿನವನು ಬಂದ. ಮತ್ತೆ ಹತ್ತು ನಿಮಿಷಕ್ಕೆ ಕೀಬೋರ್ಡಿನ ಬೋಳುತಲೆಯವನು. ಯಾರು ಯಾವ ಕ್ರಮದಲ್ಲಿ ಬ್ಯಾಂಡು ಬಿಟ್ಟಿದ್ದರೋ ಅದೇ ಕ್ರಮ. ವಿದೊಯೆಗೆ ಬಿಸಿತುಪ್ಪ ಬಾಯಲ್ಲಿಟ್ಟ ಹಾಗಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಬಂದವರು ಶಿಲುಬೆ ಗುರುತು ಮಾಡಿಕೊಂಡು ಸಿಹಿ ಗೋಧಿಯ ಒಂದು ಚಮಚ ತಿಂದರು, ಕೂತರು, ಸೂಪು ಕುಡಿದರು, ಹುಳಿ ಎಲೆಕೋಸಿನಲ್ಲಿ ಸುತ್ತಿದ ಖೀಮಾ ತಿಂದರು, ಹಂದಿಯ ಹುರಿದ ತೊಡೆ ಮುಗಿಸಿದರು, ಮತ್ತು ಏಳಲಿಲ್ಲ. ಎರಡು ಗಂಟೆಗೆ ನಗರಸಭೆಯ ದೊಡ್ಡವರು ಟಿವಿಯವರೊಂದಿಗೆ ಬಂದಾಗ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಅವರು ಪಡಸಾಲೆಯಲ್ಲಿ ಕೋಟುಗಳ ನಡುವೆ ನಿಂತು ಒಂದೊಂದು ರಾಕಿಯಾ ಕುಡಿದು ಹೋದರು. ವಿದೊಯೆಯ ಮಂಡಿಗಳು ಮೊದಲೇ ಹಾಳಾಗಿದ್ದವು. ಮೂರು ಗಂಟೆಗೆ ಅವನು ಬಾಟಲಿ ಹಿಡಿದು ಗೋಡೆಗೆ ಒರಗತೊಡಗಿದ್ದ.

ಮಿಲುಟಿನ್ ಮಾತ್ರ ಕ್ರಮ ಬಿಟ್ಟು ಎಲ್ಲರಿಗಿಂತ ಕೊನೆಗೆ ಹೋದ. ಕೋಟಿನ ಜೇಬಿನಲ್ಲಿ ಕಾಗದವಿತ್ತು. ಅವನ ಲೆಕ್ಕ ಇಷ್ಟೇ: ಎಲ್ಲರೆದುರು ವಿದೊಯೆಯಿಂದ ಅದನ್ನು ಓದಿಸಬೇಕು, ನಗೆಸಾಲು ಎಲ್ಲಿ ಎಂದು ಕೇಳಬೇಕು, ಅದು ಬೇಕೆಂದೇ ಬಿಟ್ಟದ್ದೆಂದು ಅವನ ಬಾಯಿಂದಲೇ ಹೊರಡಿಸಬೇಕು.

ಒಳಗೆ ಸಂತನ ಪಟದ ಕೆಳಗೆ ಲೆಪೊಸಾವಾ ಕೂತಿದ್ದಳು. ಎಂಬತ್ತೊಂಬತ್ತು ವರ್ಷ, ಹಬ್ಬಕ್ಕೆಂದು ಹಳ್ಳಿಯಿಂದ ಕರೆತಂದಿದ್ದರು. ಮಿಲುಟಿನ್ ಗೋಧಿಯ ಚಮಚ ಎತ್ತಿದಾಗ ಅವಳು ತಲೆಯೆತ್ತಿ ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ನಿಧಾನವಾಗಿ ಶಿಲುಬೆ ಗುರುತು ಮಾಡಿಕೊಂಡಳು.

"ಮಿಲುಟಿನ್," ಎಂದಳು, "ಶನಿವಾರ ತಾನೇ ನಿಂಗೆ ಕೆಳಗಡೆ ಬತ್ತಿ ಹಚ್ಚಿ ಬಂದೆನಲ್ಲೋ."

ಕಳೆದ ಶನಿವಾರ ಸತ್ತವರ ದಿನ. ಇಪ್ಪತ್ತೆರಡು ವರ್ಷದ ಹಿಂದೆ ಅವಳೂ ಯಾವುದೋ ಕಂಬದಲ್ಲಿ ಆ ಕಾಗದ ನೋಡಿದ್ದಳು. ಮಗನನ್ನು ಕೇಳಿದ್ದಳು, ಏನು ಮಾಡೋದಮ್ಮ, ಹೋದ, ಎಂದು ಅವನು ಅಂದಿದ್ದ. ಬಿಡಿಸಿ ಹೇಳುವುದಕ್ಕಿಂತ ಹಾಗೆಂದುಬಿಡುವುದು ಸುಲಭವಾಗಿತ್ತು. ಅಲ್ಲಿಂದ ವರ್ಷಕ್ಕೆ ನಾಲ್ಕು ಸಲ, ಪ್ರತಿ ಸತ್ತವರ ದಿನವೂ, ಅವಳು ಸತ್ತವರಿಗೆಂದು ಗೋಧಿ ಬೇಯಿಸಿಕೊಂಡು ಸ್ಮಶಾನಕ್ಕೆ ಹೋಗಿ ಪಾದ್ರಿಯ ಕೈಲಿ ಸತ್ತವರ ಪಟ್ಟಿ ಓದಿಸುತ್ತಿದ್ದಳು. ಗಂಡನ ಹೆಸರಾದ ಮೇಲೆ ಮಿಲುಟಿನ್‌ನ ಹೆಸರು. ಅವಳನ್ನು ಕಾರಿನಲ್ಲಿ ಕರೆದೊಯ್ಯುತ್ತಿದ್ದವನು ವಿದೊಯೆ. ಗೇಟಿನ ಹೊರಗೆ ಕಾರಲ್ಲಿ ಕೂತು ರೇಡಿಯೊ ಕೇಳುತ್ತಿದ್ದ.

ಮಿಲುಟಿನ್ ಯೋಚಿಸಿಟ್ಟುಕೊಂಡ ಮಾತನ್ನೆಲ್ಲ ಕೈಬಿಟ್ಟ. ಅವನು ಕಾಗದ ತೆಗೆದು ಅಜ್ಜಿಯ ತೊಡೆಯ ಮೇಲಿಟ್ಟ. ಅವಳಿಗೆ ಕಣ್ಣು ಮಂಜು. ಮಗನ ಕಡೆ ಚಾಚಿ, ಓದು ಎಂದಳು. ವಿದೊಯೆ ಬಾಟಲಿ ಕೆಳಗಿಟ್ಟು ಓದಿದ. ವೇದಿಕೆಯ ಮೇಲೆ ಎಂದೂ ಅಷ್ಟು ಸಣ್ಣ ದನಿಯಲ್ಲಿ ಅವನು ಮಾತಾಡಿದ್ದಿಲ್ಲ.

"ಕೆಳಗೇನಿದೆ?"

"ಏನೂ ಇಲ್ಲಮ್ಮ."

"ನನ್ನದರಲ್ಲಿ ಇತ್ತು ಅಜ್ಜಿ," ಎಂದ ತಿಖೊಮಿರ್. "ಎಲ್ಲರದರಲ್ಲೂ ಇತ್ತು, ಇದು ತಮಾಷೆ ಅಂತ. ಇವನದರಲ್ಲಿ ಮಾತ್ರ ಜಾಗ ಸಾಲಲಿಲ್ಲವಂತೆ."

ಲೆಪೊಸಾವಾ ಕಾಗದ ವಾಪಸ್ ತೆಗೆದುಕೊಂಡು ಫೋಟೊದ ಕೆಳಗಿನ ಬರಿದು ಜಾಗದ ಮೇಲೆ ಬೆರಳಿಟ್ಟಳು. ಒಂದು, ಎರಡು, ಮೂರು. ಆಮೇಲೆ ಮಿಲುಟಿನ್‌ನನ್ನು ಕೇಳಿದಳು, ನಿನ್ನ ತಾಯಿ ಇದನ್ನು ನೋಡಿದಳೇ ಎಂದು. ಅವನು ಹೇಳಿದ. ಗಿಣ್ಣಿನ ಬುಟ್ಟಿಯಿಂದ ಹಿಡಿದು ಕೊನೆಯ ದಿನದ ಮಾತಿನವರೆಗೆ ಎಲ್ಲವನ್ನೂ ಹೇಳಿದ, ದನಿ ಏರಿಸದೆ. ಮುದುಕಿ ಅಳಲಿಲ್ಲ. ಮಗನ ಕಡೆ ತಿರುಗಿದಳು.

"ಸಂತನ ಪಟದ ಕೆಳಗೆ ನಿಂತು ಹೇಳು. ಬೇಕಂತಲೇ ಬಿಟ್ಟೆಯಾ?"

ಸಂತನ ಕೆಳಗೆ, ಉರಿಯುವ ಹಬ್ಬದ ಬತ್ತಿಯ ಎದುರು, ನಮ್ಮಲ್ಲಿ ಎಂಥ ಕಳ್ಳನೂ ಸುಳ್ಳಾಡುವುದಿಲ್ಲ. ವಿದೊಯೆ ತಲೆಯಾಡಿಸಿದ. ಹೌದು.

"ಇಪ್ಪತ್ತೆರಡು ವರ್ಷ ಬದುಕಿರೋ ಮಗೂಗೆ ನನ್ನ ಕೈಲಿ ಪಿಂಡದ ಗೋಧಿ ಬೇಯಿಸಿದೆ. ನೀನು ಹೊರಗೆ ಹಾಡು ಕೇಳ್ತಾ ಕೂತಿದ್ದೆ."

ವಿದೊಯೆಯ ಮುಖ ಸುಣ್ಣದಂತಾಯಿತು. ಅವನು ಬಾಗಿಲ ಬಳಿಯ ಮುಕ್ಕಾಲಿಯನ್ನು ಎಳೆದುಕೊಳ್ಳಲು ಹೋದ.

"ಅತಿಥಿಗಳು ಎದ್ದರಾ?" ಎಂದಳು ತಾಯಿ. "ಇಲ್ಲ ತಾನೇ? ನಿಂತ್ಕೋ."

ಅವನು ನಿಂತ. ಮಿಲುಟಿನ್ ಆ ಮುಕ್ಕಾಲಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತ. ಆ ಮುಖವನ್ನು, ನಡುಗುವ ಆ ಮಂಡಿಯನ್ನು ಕಣ್ತುಂಬ ನೋಡಿದ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡ. ಎದೆಗೆ ತಂಪಾಯಿತು. ಅಯ್ಯೋ ಪಾಪ ಎನ್ನಿಸೀತೇ ಎಂದು ಒಂದು ಕ್ಷಣ ಕಾದ. ಅನ್ನಿಸಲಿಲ್ಲ. ವಿದೊಯೆ ಬಾಟಲಿ ಹಿಡಿದು ಅವನ ಬಳಿ ಬಗ್ಗಿ, ಬೇರೆಯವರಿಗೆ ಕೇಳದ ಹಾಗೆ, ಕ್ಷಮಿಸಿಬಿಡು ಕಣೋ ಎಂದ.

"ಕ್ಷಮಿಸೋಳು ಕೆಳಗಿನ ತಟ್ಟೇಲಿದ್ದಾಳೆ," ಎಂದ ಮಿಲುಟಿನ್, ಲೋಟ ಮುಂದೆ ಚಾಚಿ. "ನಂದು ಖಾಲಿಯಾಗಿದೆ. ಸುರಿ."