ಜಳಕವಿಲ್ಲದ ಮೂರು ತಿಂಗಳು

ಅಮೃತಪ್ಪ ತೂಕದ ಮಷೀನಿನ ಮೇಲೆ ನಿಂತ. ಮುಳ್ಳು ನಲವತ್ತೈದಕ್ಕೆ ಬಂದು ನಿಂತಿತು. ಆಸ್ಪತ್ರೆಗೆ ಸೇರಿದ ದಿನ ನಲವತ್ತೇಳು ಇದ್ದ. ಎರಡು ವಾರ ಉಪಚಾರ ಮಾಡಿ ಎರಡು ಕಿಲೋ ಕಳೆದಿದ್ದರು. ಅನಸುಬಾಯಿಗೆ ಮೈಯೆಲ್ಲ ಉರಿಯಿತು.

"ಇಳೀರಿ ಅಣ್ಣಾ. ಈ ಮಷೀನ ಮುರಿಯೂ ಹಂಗೂ ಇಲ್ಲ ನೀವು," ಅಂದಳು.

ದಂಡೋತಿ ಊರಿನ ರೈತ ಈ ಅಮೃತಪ್ಪ. ಮೂರು ತಿಂಗಳ ಹಿಂದೆ ಕರುಳು ತೂತಾಗಿ ಕಲಬುರಗಿಯಲ್ಲಿ ಆಪರೇಷನ್ ಆಗಿತ್ತು. ಕರುಳಿನ ಬಾಯನ್ನು ಹೊಟ್ಟೆಯ ಎಡಕ್ಕೆ ಹೊರಗೆ ತೆಗೆದು, ಅದಕ್ಕೆ ಒಂದು ಪ್ಲಾಸ್ಟಿಕ್ ಚೀಲ ಅಂಟಿಸಿ ಕಳಿಸಿದ್ದರು. ಮಲ ಅದರಲ್ಲಿ ಬೀಳಬೇಕು. ಚೀಲದ ಸುತ್ತ ಚರ್ಮ ಕಿತ್ತು ಹುಣ್ಣಾದಾಗ ಶಹಾಬಾದಿನ ಈ ಮೂವತ್ತು ಹಾಸಿಗೆಯ ಆಸ್ಪತ್ರೆಗೆ ತಂದು ಹಾಕಿದರು. ಸರ್ಜನ್ ತಿಂಗಳಿಗೊಮ್ಮೆ ಇಲ್ಲಿಗೆ ಬರುತ್ತಾರೆ. ಐವತ್ತು ಕಿಲೋ ಆದರೆ ಕರೆದೊಯ್ದು ಕರುಳು ಒಳಗೆ ಸೇರಿಸಿ ಹೊಲಿಯುತ್ತೇನೆ, ಕಡಿಮೆ ಇದ್ದರೆ ಹೊಲಿಗೆ ಹಿಡಿಯುವುದಿಲ್ಲ, ಜೀವಕ್ಕೆ ಅಪಾಯ ಅಂದಿದ್ದರು. ಅವರು ಬರಲು ಇನ್ನು ಹನ್ನೆರಡು ದಿನ ಉಳಿದಿತ್ತು.

ಅನಸುಬಾಯಿ ಅಲ್ಲಿ ಆಯಾ. ವಾಡಿಯಿಂದ ಮುಂಜಾನೆಯ ಪ್ಯಾಸೆಂಜರ್ ರೈಲಿಗೆ ಬರುತ್ತಾಳೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಗಂಡ ನಾಮದೇವ ನೆಲಕ್ಕೆ ಹಾಸುವ ಫರಸಿಯ ಖಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದ. ಅವನಿಗೆ ಕರುಳಿನ ಕ್ಯಾನ್ಸರ್ ಆಯಿತು. ಎಂಟು ತಿಂಗಳು ಇಂಥದೇ ಚೀಲ ಕಟ್ಟಿಕೊಂಡು ಬದುಕಿದ, ಹೋದ ವರ್ಷಕ್ಕೆ ಆಚೆಯ ವರ್ಷ ಸತ್ತ. ಚೀಲ ಕತ್ತರಿಸುವುದು, ಅಂಟಿಸುವುದು, ತೊಳೆಯುವುದು ಅವಳಿಗೆ ಯಾವ ನರ್ಸೂ ಕಲಿಸಲಿಲ್ಲ. ಗಂಡನ ಮೈಮೇಲೆ ಕಲಿತಳು. ಅವನು ಹೋದ ಮೇಲೆ ಆ ಚೀಲದ ಮುಖ ಇನ್ನೊಮ್ಮೆ ನೋಡಬಾರದು ಅಂದುಕೊಂಡಿದ್ದಳು. ಹೊಟ್ಟೆ ಕೇಳಬೇಕಲ್ಲ. ಕೆಲಸ ಹುಡುಕಿ ಬಂದರೆ ಆಸ್ಪತ್ರೆಯವರು ಕೇಳಿದ ಮೊದಲ ಮಾತೇ, ಚೀಲ ಹಚ್ಚಲು ಬರುತ್ತದೇನು ಅಂತ.

ಅಮೃತಪ್ಪನ ಚೀಲ ದಿನಕ್ಕೆ ಮೂರು ಸಲ ಖಾಲಿ ಮಾಡುತ್ತಿದ್ದವಳು ಅವಳೇ. ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಿದ್ದವಳೂ ಅವಳೇ. ಆದರೆ ಕುಡಿಯುವ ನೀರಿಗೆ ಮಾತ್ರ ಅವನು ಹೆಂಡತಿಯ ದಾರಿ ಕಾಯುತ್ತಿದ್ದ. ಅವಳು ಹೊರಗೆ ಹೋಗಿದ್ದರೆ ಬಾಯಿ ಒಣಗಿದರೂ ಸುಮ್ಮನೆ ಕೂರುತ್ತಿದ್ದ. ಚೀಲಕ್ಕೆ ಅನಸುಬಾಯಿಯ ಕೈ ನಡೆಯುತ್ತದೆ, ತಂಬಿಗೆಗೆ ನಡೆಯುವುದಿಲ್ಲ. ಅವಳಿಗೆ ಇದೇನು ಹೊಸದಲ್ಲ. ಹೊಸದಲ್ಲ ಅಂತ ಸಿಟ್ಟು ಬರದೆ ಇರುತ್ತದೆಯೇ?

ವಾರ್ಡಿನ ಸಿಸ್ಟರ್ ಉಮಾದೇವಿ ಮೇಲಿನ ಓದಿಗೆ ಒಂದು ಸಂಶೋಧನೆ ಹಿಡಿದಿದ್ದಳು. ಹೊಟ್ಟೆಯ ಮೇಲೆ ಚೀಲ ಇದ್ದವರು ಯಾಕೆ ಸರಿಯಾಗಿ ಉಣ್ಣುವುದಿಲ್ಲ ಎಂಬುದು ಅದರ ವಿಷಯ. ನಲವತ್ತು ರೋಗಿಗಳಿಂದ ಫಾರಂ ತುಂಬಿಸಬೇಕು. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯವರದೆಲ್ಲ ಸೇರಿ ಮೂವತ್ತೊಂದು ಆಗಿತ್ತು. ಆವತ್ತು ಅಮೃತಪ್ಪನ ಪಾಳಿ.

"ಆಹಾರ ಸೇವನೆಯ ಕುರಿತು ತಮ್ಮ ಸಂತೃಪ್ತಿಯ ಮಟ್ಟ," ಸಿಸ್ಟರ್ ಓದಿದಳು. "ಉತ್ತಮ, ಸಾಧಾರಣ, ಕಳಪೆ."

ಅಮೃತಪ್ಪ ಹೆಂಡತಿ ರತ್ನಾಬಾಯಿಯ ಮುಖ ನೋಡಿದ. "ಏನ್ ಅಂತಾರ ಇವರು?"

"ಊಟ ಚಲೋ ಹೋಗ್ತದೇನು ಅಂತ," ಅನಸುಬಾಯಿ ಹೇಳಿದಳು.

"ಹೋಗ್ತದರಿ," ರತ್ನಾಬಾಯಿಯೇ ಉತ್ತರ ಕೊಟ್ಟಳು. "ಎರಡು ರೊಟ್ಟಿ ಉಣ್ತಾರ. ಬ್ಯಾಳಿ, ಮೊಸರು, ಎಲ್ಲಾ ಉಣ್ತಾರ."

ಸಿಸ್ಟರ್ 'ಸಾಧಾರಣ'ದ ಮುಂದೆ ಗೆರೆ ಎಳೆದಳು. ಚೀಲ ತುಂಬುತ್ತದೆ ಎಂಬ ಭಯವಿದೆಯೇ? ಹೌದು. ವಾಸನೆಯ ನಾಚಿಕೆ ಇದೆಯೇ? ಹೌದು. ಕೇಳಿದ್ದಕ್ಕೆಲ್ಲ ಅಮೃತಪ್ಪ ಹೂಂ ಅಂತ ತಲೆ ಆಡಿಸಿದ. ಹತ್ತು ನಿಮಿಷದಲ್ಲಿ ಫಾರಂ ಮುಗಿಯಿತು.

ಎರಡು ರೊಟ್ಟಿ ಉಣ್ಣುವ ಮನುಷ್ಯ ಹಿಂಗ್ಯಾಕೆ ಕರಗುತ್ತಾನೆ? ಚೀಲ ಖಾಲಿ ಮಾಡುವವಳಿಗೆ ಲೆಕ್ಕ ತಿಳಿಯುವುದಿಲ್ಲವೇ? ಒಳಗೆ ಹೋದದ್ದು ಹೊರಗೆ ಬರಬೇಕು. ಬರುತ್ತಿರಲಿಲ್ಲ. ಮಧ್ಯಾಹ್ನ ಬೆಡ್‌ಶೀಟು ಒಣಹಾಕಲು ಹಿತ್ತಲಿಗೆ ಹೋದಾಗ ಅನಸುಬಾಯಿಗೆ ಉತ್ತರ ಕಂಡಿತು. ಕಂಪೌಂಡಿನ ಆಚೆ ಯಾರದೋ ಎಮ್ಮೆ ಕಟ್ಟಿತ್ತು. ರತ್ನಾಬಾಯಿ ಗೋಡೆಯ ಮೇಲಿಂದ ಕೈ ಚಾಚಿ ಅದಕ್ಕೆ ರೊಟ್ಟಿ ತಿನ್ನಿಸುತ್ತಿದ್ದಳು.

"ಎಮ್ಮಿಗೆ ತೂಕ ಏರಸ್ಬೇಕಾಗ್ಯಾದೇನು ತಂಗಿ?"

ರತ್ನಾಬಾಯಿ ಬೆಚ್ಚಿ ತಿರುಗಿದಳು. ಬುತ್ತಿಯ ಅರಿವೆಯನ್ನು ಸೆರಗಿನಡಿ ಮುಚ್ಚಿದಳು.

"ಮುಚ್ಚಬ್ಯಾಡ. ಎಷ್ಟು ದಿನ ಆತು ಇದು?"

"ಯಕ್ಕಾ, ಯಾರಿಗೂ ಹೇಳಬ್ಯಾಡ."

"ಹೇಳ್ಬ್ಯಾಡಂದ್ರ? ಅಲ್ಲಿ ಮನಿಶಾ ಸಾಯಾಕತ್ತಾನ, ನೀ ಇಲ್ಲಿ ಎಮ್ಮಿ ಮೇಸ್ಲಿಕತ್ತೀ! ಯಾಕ ಉಣವಲ್ಲರು? ಚೀಲ ತುಂಬ್ತದಂತೇನು? ತುಂಬ್ಲಿ. ನಾ ಸತ್ತೀನೇನು? ಹತ್ತು ಸಲ ಖಾಲಿ ಮಾಡ್ತೀನಿ."

"ಅದಲ್ಲಕ್ಕ." ರತ್ನಾಬಾಯಿಗೆ ಅಳು ಬಂತು. "ಜಳಕ ಇಲ್ಲಲ್ಲ. ಜಳಕ ಇಲ್ಲದ ಲಿಂಗಪೂಜಿ ಹ್ಯಾಂಗ ಮಾಡೂದು? ಪೂಜಿ ಇಲ್ಲದ ಬಾಯಾಗ ರೊಟ್ಟಿ ಹ್ಯಾಂಗ ಇಡೂದು? ಹಾಲು, ಚಹಾ, ಬಾಳೆಹಣ್ಣು ಅಷ್ಟೇ ತಗೋತಾರ. ನಲವತ್ತು ವರ್ಷ ಒಂದಿನ ತಪ್ಪಿಸಿಲ್ಲ ಅವರು. ದವಾಖಾನ್ಯಾಗ ಹೇಳಿದ್ರ ನಗ್ತಾರ ಅಂತ ನನ್ನ ಬಾಯಿ ಕಟ್ಟ್ಯಾರ."

"ಜಳಕ ಯಾಕಿಲ್ಲ?"

"ನೀರು ತಾಕಿಸಬಾರದು ಅಂತ ಕಲಬುರಗ್ಯಾಗೇ ಹೇಳಿ ಕಳಿಸ್ಯಾರಲ್ಲ. ಚೀಟಿ ಅದ."

ಅನಸುಬಾಯಿ ಒಳಗೆ ಬಂದು ಚೀಟಿ ಈಸಿಕೊಂಡು ಸಿಸ್ಟರ್ ಮುಂದೆ ಇಟ್ಟಳು. ಬಿಡುಗಡೆಯ ದಿನ ಯಾರೋ ಅವಸರದಲ್ಲಿ ಬರೆದಿದ್ದರು: ಗಾಯಕ್ಕೆ ನೀರು ತಾಗಿಸಬೇಡಿ. ಎಷ್ಟು ದಿನ ಅಂತ ಬರೆದಿರಲಿಲ್ಲ. ಹೊಲಿಗೆ ಒಣಗುವ ತನಕದ ಮಾತು ಅದು, ಹತ್ತೋ ಹನ್ನೆರಡೋ ದಿನ. ಅಮೃತಪ್ಪ ಮೂರು ತಿಂಗಳು ನಡೆಸಿದ್ದ. ಶಹಾಬಾದಿಗೆ ಬಂದ ಮೇಲೂ ಎಲ್ಲರೂ ಒರೆಸುವುದನ್ನೇ ಮುಂದುವರಿಸಿದ್ದರು. ಅನಸುಬಾಯಿಯೂ ಕೂಡ. ಅವನ ರಟ್ಟೆಗೆ ಕಟ್ಟಿದ ಲಿಂಗವನ್ನು ದಿನಾ ಸರಿಸಿ ಸರಿಸಿ ಮೈ ಒರೆಸಿದ್ದಳು. ಆಪರೇಷನ್ ಹೊತ್ತಿಗೆ ಕೊರಳಿನಿಂದ ತೆಗೆದು ಕಟ್ಟಿದ್ದು ಇನ್ನೂ ರಟ್ಟೆಯಲ್ಲೇ ಯಾಕಿದೆ ಅಂತ ಒಂದು ಮಾತು ಕೇಳಿರಲಿಲ್ಲ.

"ನೀವೂ ಲಿಂಗ ಕಟ್ಟಿದವರೇ ಅಲ್ಲೇನ್ರಿ ಸಿಸ್ಟರ್? ನಿಮಗರ ಹೊಳಿಬಾರದಿತ್ತಾ?"

"ನಾ ಏನು ದಿನಾ ಪೂಜಾ ಮಾಡಿ ಉಣ್ತೀನೇನ್ ಅನಸುಬಾಯಿ? ಬಸ್ ಹಿಡಿಯೂದೇ ಸಾಕಾಗ್ಯಾದ," ಉಮಾದೇವಿ ಫಾರಂ ತಿರುವಿ ನೋಡಿದಳು. "ಜಳಕದ ಪ್ರಶ್ನೀನೇ ಇದರಾಗ ಇಲ್ಲ."

"ಇಲ್ಲಂದ್ರ ಬರ್ಕೋರಿ. ನಾಳಿಂದ ಜಳಕ ಮಾಡಸ್ತೀನಿ ನಾನು."

"ಡಾಕ್ಟರ್ ಹೇಳದ ಹ್ಯಾಂಗ? ನಾಳೆ ಏನರ ಆದ್ರ?"

"ಏನೂ ಆಗಂಗಿಲ್ಲ. ನಮ್ಮ ಮನ್ಯಾಗಿನವರಿಗೆ ಎಂಟು ತಿಂಗಳು ನಾನೇ ಹಂಡೇದ ನೀರು ಹಾಕೀನಿ. ಚೀಲ ಬಿಚ್ಚೇ ಹಾಕೀನಿ. ನೀರಿಂದ ಸತ್ತಿಲ್ಲ ಅವರು."

ಸಿಸ್ಟರ್ ಫೋನ್ ಹಚ್ಚಿದಳು. ಸರ್ಜನ್ ಆ ಹೊತ್ತಿಗೆ ಎತ್ತಲಿಲ್ಲ, ಸಂಜೆಯೂ ಎತ್ತಲಿಲ್ಲ. ಎರಡನೇ ದಿನ ಎತ್ತಿದರು. "ಸ್ನಾನ ಬೇಡ ಅಂದವರು ಯಾರು?" ಅಂತ ಅವರೇ ಗದರಿದರು. ಅಷ್ಟರಲ್ಲಿ ಹನ್ನೆರಡರಲ್ಲಿ ಎರಡು ದಿನ ಹೋಗಿತ್ತು.

ಮರುದಿನ ಮುಂಜಾನೆ, ಅಮೃತಪ್ಪ ಚಹಾ ಕುಡಿಯುವ ಮೊದಲೇ, ಅನಸುಬಾಯಿ ಬಚ್ಚಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದಳು. ಹೊಟ್ಟೆ ಖಾಲಿ ಇರುವ ಆ ಹೊತ್ತಿಗೆ ಕರುಳಿನ ಬಾಯಿ ಸುಮ್ಮನಿರುತ್ತದೆ. ನಾಮದೇವನ ಕಾಲಕ್ಕೆ ತಿಳಿದದ್ದು ಅದು. ಅಮೃತಪ್ಪ ಬಾಗಿಲಲ್ಲೇ ನಿಂತ.

"ನೀರು ಒಳಗ ಹೋಗ್ತದ, ಬಾಯಿ."

"ನಿಮ್ಮ ಬಾಯಾಗ ನೀರು ಹಾಕಿದ್ರ ಹೊಟ್ಟಿ ಒಡೀತದೇನು? ಅದೂ ಒಂದು ಬಾಯೀನೇ. ಕುಂದ್ರಿ."

ಕೂತ. ಗೋಡೆಗೆ ಮುಖ ಮಾಡಿದ. ಅವಳು ಚೀಲ ಬಿಚ್ಚಿದಳು, ರತ್ನಾಬಾಯಿ ಬೆಚ್ಚನೆಯ ನೀರು ಸುರಿದಳು. ಮೊದಲ ತಂಬಿಗೆಗೆ ಅವನ ಭುಜ ನಡುಗಿತು. ನಾಲ್ಕನೆಯದಕ್ಕೆ, "ತಲಿಗೂ ಹಾಕು," ಅಂದ. ಸೋಪು ಹಚ್ಚಿ, ತೊಳೆದು, ಮೆತ್ತಗೆ ಒತ್ತಿ ಒರೆಸಿ, ಹೊಸ ಚೀಲ ಅಂಟಿಸಿದರು. ರತ್ನಾಬಾಯಿ ಮಂಚದ ಸುತ್ತ ಪರದೆ ಎಳೆದು ವಿಭೂತಿಯ ಉಂಡೆ ತೆಗೆದಳು.

"ಇನ್ನ ನೀ ಹೊರಗ ಇರು ಬಾಯಿ," ಅಂದ ಅಮೃತಪ್ಪ.

ಇದ್ದಳು. ಪರದೆಯ ಆಚೆ ನಿಂತು ಒದ್ದೆಯಾದ ಸೀರೆ ಹಿಂಡಿಕೊಂಡಳು. ಒಳಗೆ ಅವನು ಎಡಗೈಯಲ್ಲಿ ಲಿಂಗ ಹಿಡಿದು ಬಹಳ ಹೊತ್ತು ಕೂತ. ಆಮೇಲೆ ರೊಟ್ಟಿ ಹಾಲಿನಲ್ಲಿ ಮುರಿಯುವ ಸದ್ದು, ಮತ್ತೆ ರತ್ನಾಬಾಯಿಯ ಮಾತು: "ಸಾವಕಾಶ ಉಣ್ರಿ, ಯಾರೂ ಕಸಗೊಳ್ಳಂಗಿಲ್ಲ."

ಆವತ್ತು ಒಂದು ರೊಟ್ಟಿ. ನಾಲ್ಕನೆಯ ದಿನಕ್ಕೆ ಎರಡು ಹೊತ್ತೂ ಎರಡೆರಡು. ಎಮ್ಮೆಗೆ ಏನೂ ಉಳಿಯಲಿಲ್ಲ.

ಅನಸುಬಾಯಿ ಸಿಸ್ಟರಿನ ಬೆನ್ನು ಬಿಡಲಿಲ್ಲ. ಮೊದಲು ಫಾರಂ ತುಂಬಿದ ಮೂವತ್ತೊಂದು ಮಂದಿಯನ್ನೂ ಕೇಳ್ರಿ ಅಂತ ಗಂಟುಬಿದ್ದಳು. ಉಮಾದೇವಿ ಬೈದುಕೊಳ್ಳುತ್ತಲೇ ಏಳು ಮಂದಿಗೆ ಫೋನ್ ಮಾಡಿದಳು. ನಾಲ್ವರು ಜಳಕ ಬಿಟ್ಟಿದ್ದರು. ಅವರಲ್ಲಿ ಚಿಂಚೋಳಿಯ ಮಜೀದಸಾಬ ಮೈ ಪಾಕ್ ಇಲ್ಲ, ಶುದ್ಧವಿಲ್ಲ ಅಂತ ನಮಾಜು ಬಿಟ್ಟು, ಮಂದಿಯ ಜೊತೆ ಕೂತು ಉಣ್ಣುವುದನ್ನೂ ಬಿಟ್ಟಿದ್ದ. ಇದನ್ನು ಫಾರಮಿನಲ್ಲಿ ಸೇರಿಸುತ್ತೇನೆ ಅಂದರೆ, ಒಮ್ಮೆ ಮಂಜೂರಾದ ಪ್ರಶ್ನೆಗಳನ್ನು ನಡುವೆ ಬದಲಿಸುವಂತಿಲ್ಲ ಅಂತ ಅವಳ ಸಂಶೋಧನೆಯ ಗೈಡ್ ಮೇಡಂ ಹೇಳಿದರಂತೆ.

"ಮತ್ತ ಯಾಕ ಕೇಳ್ತೀರಿ ಮಂದೀನ್ನ? ಮೊದಲೇ ಬರೆದಿಟ್ಟ ಉತ್ತರ ಹೇಳ್ಸಲಿಕ್ಕಾ?" ಅಂದಳು ಅನಸುಬಾಯಿ. ಉಮಾದೇವಿ ಹಾಳೆಗಳ ಹಿಂದೆ ಪೆನ್ಸಿಲ್ಲಿನಿಂದ ಏನೋ ಬರೆದುಕೊಂಡಳು.

ಸರ್ಜನ್ ಬಂದರು. ಅಮೃತಪ್ಪ ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಮಷೀನಿನ ಮೇಲೆ ಉಸಿರು ಬಿಗಿಹಿಡಿದು ನಿಂತ. ಮುಳ್ಳು ನಲವತ್ತೇಳೂವರೆಗೆ ನಿಂತಿತು. ಇಪ್ಪತ್ತಾರು ದಿನ ಆಸ್ಪತ್ರೆಯಲ್ಲಿ ಬಿದ್ದು ಗಳಿಸಿದ್ದು ಅರ್ಧ ಕಿಲೋ.

"ಚರ್ಮ ಚೆನ್ನಾಗಿದೆ. ತೂಕ ಸಾಲದು," ಸರ್ಜನ್ ಅಂದರು. "ಮುಂದಿನ ತಿಂಗಳು ನೋಡೋಣ."

ರತ್ನಾಬಾಯಿ ಸೆರಗು ಬಾಯಿಗೆ ಹಿಡಿದಳು.

"ಹತ್ತು ದಿನದಾಗ ಎರಡೂವರಿ ಕಿಲೋ ಏರ್ಯಾರರೀ ಸರ್," ಅನಸುಬಾಯಿಯ ದನಿ ಏರಿತು. "ಬಂದ ದಿನಾನೇ ಒಬ್ಬರು ಕೇಳಿದ್ರ ಇವತ್ತು ಐವತ್ತು ದಾಟ್ತಿದ್ರು. ನಾನೂ ಕೇಳಲಿಲ್ಲ, ನನ್ನೂ ಬೈರಿ. ಆದ್ರ ಇನ್ನೂ ಒಂದು ತಿಂಗಳು ಈ ಚೀಲ ಹೊತ್ಕೊಂಡು ಅವರೇ ಯಾಕ ತಿರುಗಬೇಕು?"

ಸರ್ಜನ್ ಅವಳನ್ನು ನೋಡಿದರು. "ಅಮ್ಮಾ, ಹೊಲಿಗೆ ಬಿಟ್ಟರೆ ಬೈಸಿಕೊಳ್ಳುವವನು ನಾನು," ಅಂದು ಮುಂದಿನ ಮಂಚಕ್ಕೆ ಹೋದರು. ಅವರ ಮಾತೂ ಸುಳ್ಳಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಮಧ್ಯಾಹ್ನ ಅಮೃತಪ್ಪನನ್ನು ಮನೆಗೆ ಕಳಿಸಿದರು. ಅನಸುಬಾಯಿ ಹೊಸ ಚೀಟಿ ಬರೆಸಿ ತಂದು ರತ್ನಾಬಾಯಿಯ ಕೈಗೆ ಕೊಟ್ಟಳು. ದಿನಾ ಜಳಕ ಮಾಡಬೇಕು ಅಂತ ದೊಡ್ಡ ಅಕ್ಷರದಲ್ಲಿ ಇತ್ತು.

ಆಟೋದಲ್ಲಿ ಕೂತ ಅಮೃತಪ್ಪ ಕತ್ತು ಹೊರಗೆ ಹಾಕಿದ. "ಬರ್ತೀನಿ ಅನಸುಬಾಯಿ. ಐವತ್ತು ಆಗೇ ಬರ್ತೀನಿ."

"ಐವತ್ತೆರಡು ಆಗಿ ಬರ್ರಿ," ಅಂದಳು. "ಐವತ್ತಕ್ಕ ಬಂದ್ರ ಇವರು ಮತ್ತೇನರ ಹುಡುಕ್ತಾರ."